ಬೇಜಾರಿನ ಗಿಟಾರ್ ಹಾಡು ಕೇಳೋದು ಹೆಂಗೆ: ಕಾಲಿಂದ ಶುರು ಮಾಡಿ

ಸರಸ್ವತಿಪುರಂನಲ್ಲಿ ರೂಮ್ ಮಾಡ್ಕೊಂಡಿದ್ದಾಗ ನನ್ ಜೊತೆ ಇದ್ದ ಹುಡುಗ, ನಾನು ಇಂಡೀ, ಪೋಸ್ಟ್-ಪಂಕ್ ಅಂತ ಕರೆಯೋ ಈ ಥರದ ಹಾಡು ಹಾಕಿದ ತಕ್ಷಣ "ಏನ್ ಗುರು, ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳ್ತಿದ್ದ. ಪ್ರತಿ ಸಲಾನೂ ಅದೇ ಜೋಕು. ಅವನ ತಪ್ಪೇನಿಲ್ಲ, ಹಾಡೋನು ಬಾವಿಯೊಳಗೆ ನಿಂತು ಮಾತಾಡಿದಂಗೆ ಹಾಡ್ತಾನೆ, ಗಿಟಾರ್ ಎಲ್ಲೋ ದೂರದಲ್ಲಿ ಮಳೆ ಬಂದಂಗೆ ಕೇಳುತ್ತೆ, ಒಂದು ಹಾಡಲ್ಲೂ ಯಾರಿಗೂ ಒಳ್ಳೇದಾಗಲ್ಲ. ಆದ್ರೆ ಒಂದು ವಿಷಯ ಅವನು ಗಮನಿಸಿರ್ಲಿಲ್ಲ, ನಾನು ನೋಡ್ತಾ ಇದ್ದೆ. ಹಂಗೆ ರೇಗಿಸ್ತಾ ರೇಗಿಸ್ತಾನೇ ಅವನ ಕಾಲು ಮಂಚದ ಅಂಚಿಗೆ ತಾಳ ಹಾಕ್ತಿತ್ತು.

ಈ ಗೈಡ್ ಪೂರ್ತಿ ಆ ಕಾಲಿನ ಬಗ್ಗೇನೆ. ಬಾಯಲ್ಲಿ ದುಃಖ, ಕಾಲಲ್ಲಿ ನಡಿಗೆ, ಎರಡೂ ಒಂದೇ ಹಾಡಲ್ಲಿ ಇರುತ್ತೆ. ಇದು ಮಲ್ಕೊಂಡು ಅಳೋ ಮ್ಯೂಸಿಕ್ ಅಲ್ಲ, ಬೇಜಾರಾದಾಗ ಚಪ್ಪಲಿ ಮೆಟ್ಕೊಂಡು ಹೊರಗಡೆ ಹೋಗೋ ಮ್ಯೂಸಿಕ್ಕು. ಅದೊಂದು ಕಿವಿಗೆ ಸಿಕ್ಕಿಬಿಟ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ. ಸಿಗೋತನಕ ಮಾತ್ರ ಸ್ವಲ್ಪ ಕೆಲಸ ಇದೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ಹೆಸರಿನ ಗೊಂದಲ ಮುಗಿಸ್ಕೊಳ್ಳಿ

ಇಂಡೀ ಅಂದ್ರೆ ಇಂಡಿಯಾಗೂ ಅದಕ್ಕೂ ಸಂಬಂಧ ಇಲ್ಲ. ಇಂಡಿಪೆಂಡೆಂಟ್ ಅನ್ನೋದನ್ನ ಮೊಟಕು ಮಾಡಿದ್ದಾರೆ, ದೊಡ್ಡ ಕಂಪನಿಗಳನ್ನ ಬಿಟ್ಟು ಸಣ್ಣ ಲೇಬಲ್‌ಗಳಲ್ಲಿ ರೆಕಾರ್ಡ್ ಮಾಡ್ತಿದ್ದೋರಿಗೆ ಬಂದ ಹೆಸರು, ಆಮೇಲೆ ಅದೇ ಒಂದು ಶೈಲಿಯ ಹೆಸರಾಗೋಯ್ತು. ಪೋಸ್ಟ್-ಪಂಕ್ ಅಂದ್ರೆ ಪಂಕ್ (ಕೋಪದಲ್ಲಿ ಕೂಗಾಡೋ ಒರಟು ರಾಕ್) ಆದ್ಮೇಲೆ ಬಂದಿದ್ದು, ಅಷ್ಟೇ.

ಕಥೆ ಶುರುವಾಗೋದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. 1976ರ ಜೂನ್ 4ಕ್ಕೆ ಅಲ್ಲಿನ ಒಂದು ಸಣ್ಣ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಅನ್ನೋ ಪಂಕ್ ಬ್ಯಾಂಡ್‌ನ ಪ್ರೋಗ್ರಾಮ್ ಇತ್ತು, ನಮ್ಮ ಬೀದಿ ಗಣೇಶನ ಆರ್ಕೆಸ್ಟ್ರಾಗೆ ಸೇರೋಷ್ಟು ಜನಾನೂ ಬಂದಿರ್ಲಿಲ್ಲ. ಬಂದೋರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಅಂತ ಇಬ್ಬರು ಹುಡುಗ್ರು ಇದ್ರು, ಸ್ಕೂಲಿನ ಕಾಲದ ಸ್ನೇಹಿತರು. ಸ್ಟೇಜ್ ಮೇಲಿದ್ದೋರಿಗೆ ನೆಟ್ಟಗೆ ನುಡ್ಸೋಕೂ ಬರಲ್ಲ ಅಂತ ಇವರಿಗೆ ಗೊತ್ತಾಯ್ತು, ಹಂಗಾದ್ರೆ ನಾವೂ ಮಾಡ್ಬೋದಲ್ಲ ಅಂತ ಹುಕ್ ಮಾರನೇ ದಿನಾನೇ ಅಮ್ಮನ ಹತ್ರ 35 ಪೌಂಡ್ ಸಾಲ ಇಸ್ಕೊಂಡು ಒಂದು ಬೇಸ್ ಗಿಟಾರ್ (ದಪ್ಪ ತಂತಿಯ, ಕೆಳಗಿನ ಸ್ವರ ನುಡಿಸೋ ಗಿಟಾರ್) ತಗೊಂಡ. ಆಮೇಲೆ ಹಾಡೋಕೆ ಇಯಾನ್ ಕರ್ಟಿಸ್, ಡ್ರಮ್ಮಿಗೆ ಸ್ಟೀಫನ್ ಮಾರಿಸ್ ಸೇರ್ಕೊಂಡ್ರು. ಅದೇ ಜಾಯ್ ಡಿವಿಷನ್.

ಪಂಕ್ ಹೊರಗಡೆ ಕಲ್ಲು ಹೊಡೀತಿತ್ತು, ಸರ್ಕಾರಕ್ಕೆ, ರಾಣಿಗೆ, ಕೈಗೆ ಸಿಕ್ಕೋರಿಗೆಲ್ಲ. ಇವರು ಅದೇ ಕಲ್ಲನ್ನ ಜೇಬಲ್ಲಿ ಇಟ್ಕೊಂಡು ಊರು ಸುತ್ತೋಕೆ ಶುರು ಮಾಡಿದ್ರು. ಸುತ್ತೋಕೆ ಊರಾದ್ರೂ ಎಂಥದ್ದು, ಒಂದು ಕಾಲದಲ್ಲಿ ಹತ್ತಿ ಮಿಲ್ಲುಗಳಿಂದ ಲೋಕಕ್ಕೆಲ್ಲ ಬಟ್ಟೆ ಕೊಟ್ಟ ಊರು, ಇವರು ದೊಡ್ಡೋರಾಗೋ ಹೊತ್ತಿಗೆ ಮಿಲ್ಲುಗಳು ಮುಚ್ಚಿದ್ವು, ಹಳೇ ಬೀದಿಗಳನ್ನ ಸಾಲು ಸಾಲಾಗಿ ಕೆಡವ್ತಾ ಇದ್ರು.

ಇದು ನಂಗೆ ಪುಸ್ತಕ ಓದಿ ಅರ್ಥ ಆಗಿದ್ದಲ್ಲ. ನಮ್ಮಪ್ಪ ಕೆಲಸ ಮಾಡ್ತಿದ್ದ ಫ್ಯಾಕ್ಟರಿ ಮುಚ್ಚಿದಾಗ ನಾನು ಎಂಟನೇ ಕ್ಲಾಸು. ಅಪ್ಪ ಅತ್ತಿದ್ದು ನಾನು ನೋಡ್ಲಿಲ್ಲ, ಅದರ ಬಗ್ಗೆ ಮಾತೂ ಆಡ್ಲಿಲ್ಲ. ಭಾನುವಾರ ಬೆಳಿಗ್ಗೆ ಸೈಕಲ್ ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಟ್ಟು, ಪೆಡಲ್ ಕೈಯಲ್ಲಿ ತಿರುಗಿಸ್ತಾ ಕೂತಿರೋರು, ಮುಂಚೆ ಹೆಂಗೋ ಹಂಗೇ. ಸೋಮವಾರ ಹೋಗೋಕೆ ಜಾಗ ಇರ್ಲಿಲ್ಲ, ಅಷ್ಟೇ. ತುಂಬಾ ವರ್ಷ ಆದ್ಮೇಲೆ ಜಾಯ್ ಡಿವಿಷನ್ ಡ್ರಮ್ ಮೊದಲನೇ ಸಲ ಸರಿಯಾಗಿ ಕೇಳಿಸ್ಕೊಂಡಾಗ ಆ ಚೈನ್ ಸದ್ದು ನೆನಪಾಯ್ತು.

ಫೋನ್ ಸ್ಪೀಕರ್ ಬಂದ್ ಮಾಡಿ

ಇದು ಸಣ್ಣ ವಿಷಯ ಅಂತ ದಾಟಿಸಬೇಡಿ, ಈ ಹಾಡುಗಳು ಇಷ್ಟ ಆಗಲ್ಲ ಅನ್ನೋ ಹತ್ತು ಜನದಲ್ಲಿ ಏಳೆಂಟು ಜನ ಫೋನ್ ಸ್ಪೀಕರ್‌ನಲ್ಲೇ ಕೇಳಿರ್ತಾರೆ (ಇದು ನನ್ ಲೆಕ್ಕ, ಜಗಳ ಬೇಡ). ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ, ಫೋನಿನ ಆ ಉಗುರಷ್ಟು ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದು ಎತ್ತೋಕೆ ಶಕ್ತೀನೇ ಇಲ್ಲ. ಅಂದ್ರೆ ನೀವು ಕೇಳಿದ್ದು ಕಾಲು ಕತ್ತರಿಸಿದ ಹಾಡು, ಗೊಣಗೋ ಗಂಟಲು ಒಂದು ಬಿಟ್ರೆ ಇನ್ನೇನೂ ಇಲ್ಲ, ಬೋರ್ ಹೊಡೀದೆ ಇನ್ನೇನಾಗುತ್ತೆ.

ದುಬಾರಿ ಹೆಡ್‌ಫೋನ್ ಏನೂ ಬೇಕಿಲ್ಲ. ಸಾಧಾರಣ ವೈರ್ ಇಯರ್‌ಫೋನ್ ಸಾಕು, ಆದ್ರೆ ಕಿವಿಯೊಳಗೆ ಸರಿಯಾಗಿ ಕೂರಬೇಕು, ಸಡಿಲ ಇದ್ರೆ ಬೇಸ್ ಎಲ್ಲಾ ಸೋರಿಹೋಗುತ್ತೆ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಬೇಸ್ ಬೂಸ್ಟ್ ಇದ್ರೆ ಆಫ್ ಮಾಡಿ. ಹೌದು, ಆಫ್. ನಮಗೆ ಬೇಕಿರೋದು ಮೆರವಣಿಗೆ ಡಿಜೆ ಥರ ಎದೆ ಗುದ್ದೋ ಬೇಸ್ ಅಲ್ಲ, ಒಂದೊಂದು ಸ್ವರಾನೂ ಬಿಡಿ ಬಿಡಿಯಾಗಿ ಕಿವಿಗೆ ಬೀಳೋ ಬೇಸ್.

ಒಂದೇ ಹಾಡು, ನಾಲ್ಕು ಸಲ

ಇದೇ ಮುಖ್ಯ ಪಾಠ, ಟೈಮ್ ಕೊಡಿ. ಜಾಯ್ ಡಿವಿಷನ್‌ನ ಮೊದಲನೇ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್', 1979ರದ್ದು. ಅದರ ಮೊದಲನೇ ಹಾಡು 'ಡಿಸಾರ್ಡರ್'. ಮೂರೂವರೆ ನಿಮಿಷ. ಈ ಹಾಡೇ ಯಾಕೆ ಅಂದ್ರೆ ಇದರಲ್ಲಿ ಒಬ್ಬೊಬ್ಬರೇ ಒಳಗೆ ಬರ್ತಾರೆ, ಮೊದಲು ಡ್ರಮ್, ಹಿಂದೆ ಬೇಸ್, ಆಮೇಲೆ ಗಿಟಾರ್, ಕೊನೇಗೆ ಗಂಟಲು. ಹೊಸಬರಿಗೆ ಪರಿಚಯ ಮಾಡ್ಸಿದಂಗೆ ಇದೆ.

ಮೊದಲನೇ ಸಲ ಡ್ರಮ್ ಮಾತ್ರ ಕೇಳಿ. ಬೇರೆ ಏನೇ ಬಂದ್ರೂ ಗಮನ ಡ್ರಮ್ ಮೇಲೇ ಇರ್ಲಿ. ಎಷ್ಟು ಒಣಕಲಾಗಿದೆ ನೋಡಿ, ಮಷೀನ್ ಓಡಿದಂಗೆ, ಎಲ್ಲೂ ಕುಣಿದು ತೋರ್ಸಲ್ಲ, ನಿಲ್ಲೋದೂ ಇಲ್ಲ. ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್ ಸ್ವಲ್ಪ ತಿಕ್ಕಲು ಮನುಷ್ಯ, ಡ್ರಮ್ ಸೆಟ್ಟಿನ ಒಂದೊಂದು ಭಾಗಾನೂ ಬೇರೆ ಬೇರೆ ಬಾರಿಸೋಕೆ ಹೇಳಿ ರೆಕಾರ್ಡ್ ಮಾಡಿಸ್ತಿದ್ದ, ಒಂದರ ಸದ್ದು ಇನ್ನೊಂದಕ್ಕೆ ತಗುಲಬಾರದು ಅಂತ. ಅದಕ್ಕೇ ಒಂದೊಂದು ಪೆಟ್ಟಿನ ಸುತ್ತ ಖಾಲಿ ಜಾಗ ಇದ್ದಂಗೆ ಕೇಳುತ್ತೆ. ಆ ಖಾಲೀನೇ ಈ ಆಲ್ಬಮ್‌ನ ಅರ್ಧ ಬೇಜಾರು. ಸ್ಟುಡಿಯೋದಲ್ಲಿ ಗಾಜು ಒಡೆದ ಸದ್ದನ್ನೂ ಒಂದು ಹಾಡಿಗೆ ಸೇರಿಸಿದ್ದಾನೆ ಪುಣ್ಯಾತ್ಮ. ತಮಾಷೆ ಅಂದ್ರೆ ಆಲ್ಬಮ್ ಬಂದಾಗ ಹುಕ್‌ಗೂ ಸಮ್ನರ್‌ಗೂ ಇದು ಇಷ್ಟಾನೇ ಆಗ್ಲಿಲ್ಲ, ಸ್ಟೇಜ್ ಮೇಲೆ ನಾವು ಬೆಂಕಿ ಹಚ್ತೀವಿ, ಇವನು ನೋಡಿದ್ರೆ ನೀರು ಹುಯ್ದಿದ್ದಾನೆ ಅನ್ನೋ ಥರ.

ಎರಡನೇ ಸಲ ಬೇಸ್. ಸಾಮಾನ್ಯವಾಗಿ ಬೇಸ್ ಅನ್ನೋದು ಮದ್ವೆ ಮನೇಲಿ ಅಡುಗೆ ಭಟ್ಟರು ಇದ್ದಂಗೆ, ಇಲ್ದಿದ್ರೆ ಗೊತ್ತಾಗುತ್ತೆ, ಇದ್ದಾಗ ಯಾರೂ ಕೇಳಲ್ಲ. ಇಲ್ಲಿ ಹಂಗಲ್ಲ, ಇಲ್ಲಿ ರಾಗ ಹಾಡ್ತಿರೋದೇ ಬೇಸ್. ಇದಕ್ಕೊಂದು ಬಡತನದ ಕಾರಣ ಇದೆ. ಪ್ರಾಕ್ಟೀಸ್ ಮಾಡುವಾಗ ಸಮ್ನರ್‌ನ ಗಿಟಾರ್ ಆಂಪ್ (ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಜೋರು, ಹುಕ್‌ನ ಬೇಸ್ ಆಂಪ್ ಡಬ್ಬಾ, ಕೆಳಗಿನ ಸ್ವರ ನುಡ್ಸಿದ್ರೆ ತನಗೇ ಕೇಳಿಸ್ತಿರ್ಲಿಲ್ಲ. ಅದಕ್ಕೆ ತಂತಿ ಮೇಲೆ ಎತ್ತರದ ಸ್ವರ ಬರೋ ಮನೆಗಳಲ್ಲಿ ನುಡ್ಸೋಕೆ ಶುರು ಮಾಡ್ದ, ಅದು ಕೇಳೋಕೆ ಚೆನ್ನಾಗಿದೆ ಅಂತ ಕರ್ಟಿಸ್ ಹೇಳ್ದ, ಅಲ್ಲಿಂದ ಒಂದು ಶೈಲೀನೇ ಹುಟ್ಕೊಳ್ತು. ಇವತ್ತಿಗೂ ಲೋಕದ ಯಾವುದೋ ಮೂಲೇಲಿ ಹೊಸ ಬ್ಯಾಂಡ್ ಒಂದು ಬೇಸನ್ನ ಮೇಲ್ಗಡೆ ನುಡ್ಸಿದ್ರೆ ಅದು ಆ ಡಬ್ಬಾ ಆಂಪ್‌ನ ಮೊಮ್ಮಗು.

ಮೂರನೇ ಸಲ ಗಿಟಾರ್. ಇದನ್ನ ಬೇಗ ಮುಗಿಸಿ. ಇಲ್ಲಿ ಗಿಟಾರ್ ಹೀರೋ ಅಲ್ಲ, ಸೋಲೋ ಹೊಡೆದು ಚಪ್ಪಾಳೆ ತಗೊಳ್ಳಲ್ಲ, ಗೋಡೆಗೆ ಸುಣ್ಣ ಬಳಿದಂಗೆ ಹಿಂದೆ ಇರುತ್ತೆ.

ನಾಲ್ಕನೇ ಸಲ ಗಂಟಲು. ಪದಗಳ ಅರ್ಥ ಹುಡುಕ್ಬೇಡಿ, ಸುಮ್ನೆ ಆ ಮನುಷ್ಯ ಎಲ್ಲಿದ್ದಾನೆ ಅಂತ ನೋಡಿ. ಶುರುವಲ್ಲಿ ಅವನು ಅಳ್ತಿಲ್ಲ, ಕೂಗ್ತಿಲ್ಲ, ಬಸ್ ಸ್ಟ್ಯಾಂಡ್‌ನಲ್ಲಿ ಅನೌನ್ಸ್ ಮಾಡೋರ ಥರ ಹೇಳ್ಕೊಂಡು ಹೋಗ್ತಾನೆ, ಕೆಳಗಡೆ ಡ್ರಮ್ಮು ಬೇಸು ಓಡ್ತಾನೇ ಇದೆ, ಕೊನೇ ಮುಕ್ಕಾಲು ನಿಮಿಷಕ್ಕೆ ಬರೋ ಹೊತ್ತಿಗೆ ಅವನಿಗೂ ತಡೆಯೋಕಾಗದೆ ಒಂದೇ ಪದ ಹಿಡ್ಕೊಂಡು ಮತ್ತೆ ಮತ್ತೆ ಅದನ್ನೇ. ನಮ್ ಸಿನಿಮಾ ಶೋಕಗೀತೆಗಳಲ್ಲಿ ಹಾಡೋರು ಅಳ್ತಾರೆ, ಪಿಟೀಲು ಅಳುತ್ತೆ, ಕೊಳಲೂ ಅಳುತ್ತೆ, ಪಾಪ ನಮಗೆ ಅಳೋಕೆ ಏನೂ ಉಳಿದಿರಲ್ಲ. ಇಲ್ಲಿ ಅವರು ಅಳೋದಿಲ್ಲ, ಆ ಕೆಲಸ ನಿಮಗೆ ಬಿಟ್ಟಿದ್ದಾರೆ.

ನಾಲ್ಕೂ ಆದ್ಮೇಲೆ ಒಂದು ದಿನ ಬಿಡಿ. ಮಾರನೇ ದಿನ ನಡೀತಾ ಐದನೇ ಸಲ ಕೇಳಿ, ಈಗ ಎಲ್ಲಾ ಒಟ್ಟಿಗೆ. ಆಗ್ಲೂ ಏನೂ ಅನ್ನಿಸ್ಲಿಲ್ಲ ಅಂದ್ರೆ ಪರವಾಗಿಲ್ಲ, ಮುಂದಿನ ಆಲ್ಬಮ್‌ಗಳು ಇವೆ.

ಬೇಜಾರು ಕೇಳಿದ್ರೆ ಖುಷಿ ಯಾಕಾಗುತ್ತೆ

ಈ ಪ್ರಶ್ನೆ ಎಲ್ಲರೂ ಕೇಳ್ತಾರೆ, ಕೇಳೋ ಮುಂಚೆ ತಮ್ಮ ಊರಿನ ಮದ್ವೆ ಒಂದನ್ನ ನೆನಪು ಮಾಡ್ಕೊಳ್ಲಿ. ಮಂಡ್ಯ ಕಡೆ ನಮ್ಮೂರಲ್ಲಿ ಹೆಣ್ಣು ಒಪ್ಪಿಸೋ ಹಾಡು ಹೇಳುವಾಗ ಹಾಡೋರಿಗೂ ಕಣ್ಣೀರು, ಕೇಳೋರಿಗೂ ಕಣ್ಣೀರು, ಗಂಡಿನ ಕಡೆಯೋರೂ ಮೂಗು ಒರೆಸ್ಕೊಳ್ತಾರೆ, ಆಮೇಲೆ ಎಲ್ಲರೂ ಎದ್ದು ಪಾಯಸದ ಊಟಕ್ಕೆ ಕೂರ್ತಾರೆ. ನಮ್ಮಜ್ಜೀನ ಕೇಳಿದ್ರೆ, "ಹೆಣ್ಣೊಪ್ಸೋವಾಗ ಅಳ್ದೆ ಹೋದ್ರೆ ಮದ್ವೆ ಆದಂಗಾ ಅದು?" ಅಂತಾರೆ. ಭರತನ ನಾಟ್ಯಶಾಸ್ತ್ರ ಎಂಟು ರಸಗಳ ಲೆಕ್ಕ ಕೊಡುವಾಗ ಕರುಣವನ್ನೂ ಶೃಂಗಾರದ ಪಂಕ್ತೀಲೇ ಕೂರಿಸಿದೆ. ಶೋಕ ಅನ್ನೋದು ನಿಮ್ ಮನೇಲಿ ಆದ್ರೆ ಸಂಕಟ, ಅದೇ ಹಾಡಾಗಿ ಎದುರು ಬಂದ್ರೆ ರಸ, ಸವಿಯೋ ವಸ್ತು.

ಆದ್ರೆ ಈ ಬ್ಯಾಂಡ್‌ಗಳಿಗೆ ಇನ್ನೂ ಹತ್ತಿರದ್ದು ಅಂದ್ರೆ ಸಾವಿನ ಮನೆ ತಮಟೆ. ಹೆಣ ಎತ್ತಿದ ಮೇಲೆ ತಮಟೆ ಏಟು ಬೀಳುತ್ತಲ್ಲ, ಆ ಏಟಿಗೆ ಕಾಲು ತಡ್ಕೊಳ್ಳೋದು ಕಷ್ಟ, ಅಳ್ತಾ ಅಳ್ತಾನೇ ಕುಣಿಯೋರನ್ನ ನಾನು ನೋಡಿದ್ದೀನಿ. (ಆ ತಮಟೆ ಯಾರ ಹೆಗಲಿಗೆ ಹಾಕಿದ್ರು, ಯಾರಿಗೆ ಬೇಡ ಅನ್ನೋ ಹಕ್ಕು ಇರ್ಲಿಲ್ಲ ಅನ್ನೋದು ಬೇರೆ ಕಥೆ, ಸಣ್ಣ ಕಥೆ ಅಲ್ಲ.) ದುಃಖದಲ್ಲಿ ಮನುಷ್ಯ ಕೂತುಬಿಟ್ರೆ ಏಳೋದು ಕಷ್ಟ ಅಂತ ಗೊತ್ತಿದ್ದೋರು ಮಾಡಿದ ತಾಳ ಅದು. ಮ್ಯಾಂಚೆಸ್ಟರ್ ಹುಡುಗ್ರು ಡ್ರಮ್ ಸೆಟ್ಟಲ್ಲಿ ಬಾರಿಸಿದ್ದೂ ಅದನ್ನೇ ಅಂತ ನಂಗೆ ಅನ್ಸುತ್ತೆ.

ಯಾವ ಆಲ್ಬಮ್, ಯಾವಾಗ, ಎಲ್ಲಿ

ಶಫಲ್ ಬೇಡ. ಆ್ಯಪ್ ತಾನೇ ಮಾಡಿಕೊಡೋ ಸ್ಯಾಡ್ ಸಾಂಗ್ಸ್ ಪ್ಲೇಲಿಸ್ಟ್ ಅಂತೂ ಬೇಡ್ವೇ ಬೇಡ, ಅದು ಬಫೆ ಊಟ, ಯಾವುದರ ರುಚೀನೂ ನಾಲಿಗೇಲಿ ನಿಲ್ಲಲ್ಲ. ಒಂದು ವಾರಕ್ಕೆ ಒಂದೇ ಆಲ್ಬಮ್, ಮೊದಲನೇ ಹಾಡಿಂದ ಕೊನೇವರೆಗೂ.

ರೈಲಿಗೆ ಇಂಟರ್‌ಪೋಲ್. ನ್ಯೂಯಾರ್ಕ್ ಬ್ಯಾಂಡು, 2002ರ 'ಟರ್ನ್ ಆನ್ ದ ಬ್ರೈಟ್ ಲೈಟ್ಸ್'. ಅವಳಿ ಕಟ್ಟಡ ಬಿದ್ದು ಒಂದು ವರ್ಷಾನೂ ಆಗಿರ್ಲಿಲ್ಲ, ಆ ಊರಿನ ಜನ ಈ ಆಲ್ಬಮ್‌ನ ಅದೇ ಕಿವೀಲಿ ಕೇಳಿದ್ರು. ನಾನು ಕೇಳಿದ್ದು ಬೆಂಗಳೂರಿಂದ ಮೈಸೂರಿಗೆ ಬರೋ ರಾತ್ರಿ ರೈಲಲ್ಲಿ, ಜನರಲ್ ಬೋಗಿ, ಮದ್ದೂರಲ್ಲಿ ಹತ್ತಿದ್ದ ವಡೆ ವಾಸನೆ ಇನ್ನೂ ಹೋಗಿರ್ಲಿಲ್ಲ, ಮಂಡ್ಯದಲ್ಲಿ ಅರ್ಧ ಜನ ಇಳಿದು ಕಿಟಕಿ ಸೀಟು ಸಿಕ್ತು. ಹೊರಗಡೆ ಕಬ್ಬಿನ ಗದ್ದೆ ಕಪ್ಪಗೆ, ಎಲ್ಲೋ ಒಂದು ಆಲೆಮನೆ ಬೆಂಕಿ ಕಂಡು ಹೋಯ್ತು. ಆಲ್ಬಮ್‌ನ ಮೊದಲನೇ ಹಾಡಲ್ಲಿ ಗಿಟಾರ್ ಒಂದೇ ಇರುತ್ತೆ, ಸಣ್ಣಗೆ, ಗುಹೆಯೊಳಗೆ ನೀರು ತೊಟ್ಟಿಕ್ಕಿದಂಗೆ, ಆಮೇಲೆ ಬೇಸೂ ಡ್ರಮ್ಮೂ ಒಟ್ಟಿಗೆ ಬಂದು ಅದನ್ನ ಎತ್ಕೊಂಡು ಹೋಗುತ್ತೆ. ಅವತ್ತು ಆಲ್ಬಮ್ ಮುಗಿಯೋಕೆ ಬಂದಾಗ ಶ್ರೀರಂಗಪಟ್ಟಣದ ಹತ್ರ ರೈಲು ಕಾವೇರಿ ಸೇತುವೆ ಹತ್ತಿ ಗಾಲಿ ಸದ್ದು ಬದಲಾಯ್ತು, ಕೆಳಗಡೆ ಟೊಳ್ಳು ಇದ್ದಂಗೆ, ಒಂದು ಕ್ಷಣ ಯಾವುದು ರೈಲು ಯಾವುದು ಬೇಸ್ ಅಂತ ಗೊತ್ತಾಗ್ಲಿಲ್ಲ. ಕಾರ್ಲೋಸ್ ಡೆಂಗ್ಲರ್ ಅಂತ ಆ ಬೇಸ್ ನುಡ್ಸಿದೋನ ಹೆಸರು, ಆಮೇಲೆ ಬ್ಯಾಂಡ್ ಬಿಟ್ಟು ಹೋದ. ಬಿಟ್ಟ ಮೇಲೆ ಇಂಟರ್‌ಪೋಲ್‌ಗೆ ಮೊದಲಿನ ನಡಿಗೆ ಬರ್ಲಿಲ್ಲ ಅನ್ನೋದು ನನ್ ಅಭಿಪ್ರಾಯ.

ಮಳೆಗೆ ದ ಕ್ಯೂರ್, 1989ರ 'ಡಿಸಿಂಟಿಗ್ರೇಷನ್'. ಹಾಡುಗಾರ ರಾಬರ್ಟ್ ಸ್ಮಿತ್‌ಗೆ ಮೂವತ್ತು ತುಂಬ್ತಾ ಇತ್ತು, ಆ ಭಯದಲ್ಲೇ ಮಾಡಿದ ಆಲ್ಬಮ್ (ಮೂವತ್ತಕ್ಕೆ ಭಯ ಬೀಳೋನು ನಮ್ ಮನೇಲಿ ಹುಟ್ಟಿ "ಮದ್ವೆ ಯಾವಾಗ" ಅನ್ನೋದನ್ನ ಕೇಳಿಸ್ಕೊಬೇಕಿತ್ತು). ಹೊಸಬರಿಗೆ ಇಲ್ಲಿ ಆಗೋ ತೊಂದರೆ ಏನು ಅಂದ್ರೆ ಹಾಡು ಶುರುವಾಗೋದೇ ಇಲ್ಲ. 'ಪಿಕ್ಚರ್ಸ್ ಆಫ್ ಯೂ' ಅನ್ನೋ ಹಾಡು ಏಳು ನಿಮಿಷಕ್ಕೂ ಮೇಲಿದೆ, ಅದರಲ್ಲಿ ಸುಮಾರು ಎರಡು ನಿಮಿಷ ಗಂಟಲೇ ಬರಲ್ಲ. ಫಾರ್ವರ್ಡ್ ಮಾಡ್ಬೇಡಿ. ದಸರಾ ಕಚೇರೀಲಿ ಆಲಾಪನೆ ಮಾಡುವಾಗ ಕೃತಿ ಯಾವಾಗ ಅಂತ ಎದ್ದು ಹೋಗ್ತೀವಾ, ಹಂಗೆ ಇದೂ, ಮೊದಲು ಗಾಳಿ ಬದಲಾಗಬೇಕು. ಜೋರಾಗಿ ಕೇಳೋ ಥರ ಮಿಕ್ಸ್ ಮಾಡಿದ್ದೀವಿ, ವಾಲ್ಯೂಮ್ ಏರಿಸಿ ಅಂತ ಆಲ್ಬಮ್ ಕವರ್ ಒಳಗೇ ಅಚ್ಚು ಹಾಕ್ಸಿದ್ರು, ಆದ್ರೂ ಕಿವಿ ನಿಮ್ದು, ನೋಡ್ಕೊಂಡು.

ನಡಿಗೆಗೆ ಕುಕ್ಕರಹಳ್ಳಿ ಕೆರೆ. ಸಂಜೆ ಏರಿ ಮೇಲೆ ಒಂದು ಸುತ್ತು ಹಾಕೋ ಹೊತ್ತಿಗೆ ಒಂದು ಆಲ್ಬಮ್ ಹತ್ತತ್ರ ಮುಗಿಯುತ್ತೆ. ಇಲ್ಲಿಗೆ ನಾನು ದ ನ್ಯಾಷನಲ್ ಹೇಳ್ತೀನಿ, ಅಮೆರಿಕಾದ ಒಹಾಯೋ ಕಡೆಯೋರು, ಬ್ಯಾಂಡ್ ಕಟ್ಟಿದ್ದು ಬ್ರೂಕ್ಲಿನ್‌ನಲ್ಲಿ, ಐದು ಜನದಲ್ಲಿ ಎರಡು ಜೊತೆ ಅಣ್ಣತಮ್ಮಂದಿರು. 2007ರ 'ಬಾಕ್ಸರ್' ಹಾಕ್ಕೊಳ್ಳಿ. ಮೊದಲನೇ ಹಾಡು 'ಫೇಕ್ ಎಂಪೈರ್' ಶುರುವಾದಾಗ ಪಿಯಾನೋ ಜೊತೆ ಹೆಜ್ಜೆ ಹಾಕೋಕೆ ನೋಡಿ, ತಪ್ಪುತ್ತೆ. ಯಾಕಂದ್ರೆ ಒಂದು ಕಡೆ ಮೂರರ ಎಣಿಕೆ, ಇನ್ನೊಂದು ಕಡೆ ನಾಲ್ಕರ ಎಣಿಕೆ, ಎರಡೂ ಒಟ್ಟಿಗೆ ಓಡುತ್ತೆ. ಮೃದಂಗ ಕಲ್ತಿರೋರಿಗೆ ಇದೇನು ಹೊಸದಲ್ಲ, ತಿಶ್ರದ ಮೇಲೆ ಚತುರಶ್ರ ಕೂತಂಗೆ. ಹಾಡಿನ ಅರ್ಧ ದಾರೀಲಿ ಡ್ರಮ್ ಬಂದಾಗ ಕಾಲು ಎಲ್ಲಿಡ್ಬೇಕು ಅಂತ ಗೊತ್ತಾಗುತ್ತೆ, ಆ ಗೊತ್ತಾಗೋ ಕ್ಷಣಕ್ಕೋಸ್ಕರ ನಾನು ಆ ಹಾಡನ್ನ ಎಷ್ಟು ಸಲ ಕೇಳಿದ್ದೀನೋ. ಹಾಡೋನು ಮ್ಯಾಟ್ ಬರ್ನಿಂಗರ್, ದಪ್ಪ ಗಂಟಲು, ಆಫೀಸ್ ಮುಗಿಸಿ ಬಂದು ಶೂ ಬಿಚ್ಚದೆ ಸೋಫಾ ಮೇಲೆ ಕೂತಿರೋ ಮನುಷ್ಯನ ದುಃಖ ಅವನದ್ದು. ಹದಿಹರೆಯದ್ದಲ್ಲ. ಇಎಂಐ ಕಟ್ಟೋ ವಯಸ್ಸಿನ ದುಃಖ.

ದ ಸ್ಮಿತ್ಸ್ ಬಗ್ಗೆ ಜಾಸ್ತಿ ಹೇಳಲ್ಲ. ಮ್ಯಾಂಚೆಸ್ಟರಿನವರೇ, ಜಾನಿ ಮಾರ್ ಗಿಟಾರ್ ಹಬ್ಬದ ದಿನದ ಬೆಳಕಿನ ಥರ ಇರುತ್ತೆ, ಮೇಲೆ ಪದಗಳು ಮಾತ್ರ ಸೂತಕದ ಮನೆಯವು. 1986ರ 'ದ ಕ್ವೀನ್ ಈಸ್ ಡೆಡ್' ಸಾಕು. ಈಗಿನ ಕಾಲದ್ದು ಬೇಕು ಅಂದ್ರೆ ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ., 2019ರಿಂದ ಈಚೆಗೆ ಆಲ್ಬಮ್ ಮೇಲೆ ಆಲ್ಬಮ್ ಬರ್ತಿದೆ, ಹಾಡೋ ಇಂಗ್ಲಿಷ್ ಅವರ ಬೀದಿಯ ಇಂಗ್ಲಿಷ್, ಐರಿಷ್ ಉಚ್ಚಾರ ಮುಚ್ಚಿಡಲ್ಲ, ಮಂಡ್ಯದೋರು ಬೆಂಗಳೂರಿಗೆ ಹೋಗಿ ಭಾಷೆ ಬದಲಾಯಿಸ್ದೆ ಇದ್ದಂಗೆ.

ಪದ ಅರ್ಥ ಆಗ್ಲಿಲ್ಲ ಅಂದ್ರೆ

ಆಗ್ದೇ ಇರ್ಲಿ ಬಿಡಿ. ನಂಗೂ ಮೊದಲ ಎರಡು ವರ್ಷ ಅರ್ಧಕ್ಕರ್ಧ ಪದ ಗೊತ್ತಾಗ್ತಿರ್ಲಿಲ್ಲ, ತಪ್ಪು ತಪ್ಪು ಪದ ಸೇರಿಸ್ಕೊಂಡು ಹಾಡ್ತಿದ್ದೆ. ಬೆಲಾರಸ್‌ನ ಮಿನ್ಸ್ಕ್ ಊರಿನ ಮೊಲ್ಚಾತ್ ದೊಮಾ ಅಂತ ಬ್ಯಾಂಡ್ ಇದೆ, ಹೆಸರಿನ ಅರ್ಥ ಮನೆಗಳು ಮೌನವಾಗಿವೆ ಅಂತ. ರಷ್ಯನ್‌ನಲ್ಲಿ ಹಾಡ್ತಾರೆ. ಅವರ 2018ರ ಆಲ್ಬಮ್‌ನ 'ಸುದ್ನೋ' ಅನ್ನೋ ಹಾಡು 2020ರಲ್ಲಿ ಟಿಕ್‌ಟಾಕ್‌ನಲ್ಲಿ ಹಬ್ಬಿ ರಷ್ಯನ್‌ನ ಒಂದು ಅಕ್ಷರಾನೂ ಗೊತ್ತಿಲ್ಲದ ಹುಡುಗ್ರು ಹುಡುಗೀರೆಲ್ಲ ಅದಕ್ಕೆ ವಿಡಿಯೋ ಮಾಡಿದ್ರು. ಡ್ರಮ್ ಮಷೀನ್, ಒಂದು ಬೇಸ್, ತಣ್ಣನೆ ಗಂಟಲು, ಅಷ್ಟಕ್ಕೇ ಕೆಲಸ ಆಯ್ತು.

ನನ್ ಸಲಹೆ, ಹತ್ತು ಸಲ ಕೇಳೋತನಕ ಲಿರಿಕ್ಸ್ ನೋಡ್ಬೇಡಿ. ಹತ್ತಾದ್ಮೇಲೆ ಒಂದೇ ಸಲ ಕೂತು ಓದಿ. ನೀವು ಅಂದ್ಕೊಂಡಿದ್ದ ಹಾಡೇ ಬೇರೆ, ಅಲ್ಲಿರೋ ಹಾಡೇ ಬೇರೆ ಆಗಿರುತ್ತೆ, ಈಗ ನಿಮ್ ಹತ್ರ ಎರಡು ಹಾಡು ಇದೆ.

ಸಂಗೀತ ಕಲ್ತಿರೋರಿಗೆ ಒಂದು ಸುಳಿವು ಕೊಟ್ಟು ಮುಂದೆ ಹೋಗ್ತೀನಿ. ಪಾಶ್ಚಾತ್ಯರು ನ್ಯಾಚುರಲ್ ಮೈನರ್ ಅನ್ನೋ ಸ್ವರಗಳ ಸಾಲು ನಮ್ಮ 20ನೇ ಮೇಳ ನಟಭೈರವಿ. ಗಮಕ ಇಲ್ಲದೆ, ಸ್ವರಗಳನ್ನ ಇಟ್ಟಿಗೆ ಥರ ನೇರ ಇಟ್ಟು ಹಾಡಿ ನೋಡಿ, ಈ ಹಾಡುಗಳ ಬಣ್ಣ ಕಾಣುತ್ತೆ. ಎಲ್ಲಾ ಹಾಡೂ ಅದೇ ಅಂತಲ್ಲ. ಸ್ಮಿತ್ಸ್ ಅಂತೂ ಎಷ್ಟೋ ಸಲ ಶಂಕರಾಭರಣದ ಕಡೆ ಹೋಗಿ ಅಲ್ಲಿಂದ ಅಳಿಸ್ತಾರೆ, ಅದು ಇನ್ನೂ ಕಷ್ಟದ ವಿದ್ಯೆ.

ನಮ್ಮೂರಿಗೂ ಇದಕ್ಕೂ ಏನ್ ಸಂಬಂಧ ಅನ್ನೋರಿಗೆ

ಬಿಳಿಯರ ಬೇಜಾರು ನಮಗ್ಯಾಕೆ ಅಂತ ಒಬ್ಬ ಅಗ್ರಹಾರ ಸರ್ಕಲ್‌ನಲ್ಲಿ ಕಾಫಿ ಕುಡೀತಾ ಕೇಳಿದ್ದ. ಮೈಸೂರಲ್ಲಿ ಕೂತು ಈ ಪ್ರಶ್ನೆ ಕೇಳ್ಬಾರ್ದು ಕಣ್ರೀ. ಜಯಚಾಮರಾಜ ಒಡೆಯರ್, ದೇವಿ ಮೇಲೆ ಕೃತಿ ರಚಿಸಿದ ಅದೇ ಮಹಾರಾಜರು, ನಿಕೊಲಾಯ್ ಮೆಡ್ಟ್ನರ್ ಅನ್ನೋ ರಷ್ಯನ್ ಸಂಗೀತಗಾರನ ಹುಚ್ಚು ಹಚ್ಕೊಂಡಿದ್ರು. ಆತ ಊರು ಬಿಟ್ಟು ಲಂಡನ್‌ನಲ್ಲಿ, ಕೈ ಖಾಲಿ, ಆರೋಗ್ಯ ಕೆಟ್ಟು ಕೂತಿದ್ದ, ಲೋಕ ಮರೆತಿತ್ತು. ಇವರು ದುಡ್ಡು ಕೊಟ್ಟು ಆತನ ಸಂಗೀತ ರೆಕಾರ್ಡ್ ಮಾಡ್ಸಿದ್ರು, ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೋನ ಮೈಸೂರು ಮಹಾರಾಜರಿಗೆ ಅರ್ಪಣೆ ಮಾಡಿದ. ಆಮೇಲೆ ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರೌಸ್ ಮುದಿವಯಸ್ಸಲ್ಲಿ ಬರೆದ, ಸಾವಿನ ನೆರಳಿರೋ ನಾಲ್ಕು ಹಾಡು 1950ರ ಮೇ 22ರಂದು ಲಂಡನ್‌ನಲ್ಲಿ ಮೊದಲ ಸಲ ಹಾಡಿಸೋಕೆ ಹಣ ನಿಂತಿದ್ದೂ ಇವರೇ. ಪರದೇಶದ ಬೇಜಾರನ್ನ ಕೂತು ಕೇಳೋ ಅಭ್ಯಾಸ ಈ ಊರಿಗೆ ಅರಮನೆಯಿಂದಾನೇ ಬಂದಿದೆ, ನಾವು ಇಯರ್‌ಫೋನ್‌ನಲ್ಲಿ ಕೇಳ್ತೀವಿ ಅಷ್ಟೇ ವ್ಯತ್ಯಾಸ.

ಮಾಡಬಾರದ್ದು

ಸ್ಕೂಟರ್ ಓಡಿಸ್ತಾ ಬೇಡ, ಹೆಲ್ಮೆಟ್ ಒಳಗೆ ಇಯರ್‌ಫೋನ್ ತೂರಿಸ್ಕೊಂಡು ರಿಂಗ್ ರೋಡಲ್ಲಿ ಕ್ಯೂರ್ ಕೇಳೋದು ರಸಿಕತೆ ಅಲ್ಲ. ರಾತ್ರಿ ಒಂದು ಗಂಟೆ ಮೇಲೆ ಬೇಡ. ಬ್ರೇಕಪ್ ಆದ ಮೊದಲನೇ ವಾರ ಬೇಡ, ಆಗ ನೀವು ಹಾಡು ಕೇಳ್ತಿರಲ್ಲ, ಗಾಯ ಕೆರೀತಿರ್ತೀರ.

ಆಮೇಲೆ ಆ ಟೀಶರ್ಟ್. ಕಪ್ಪು ಬಟ್ಟೆ ಮೇಲೆ ಬಿಳಿ ಗೆರೆಗಳು ಬೆಟ್ಟದ ಥರ ಎದ್ದಿರ್ತಾವಲ್ಲ, ದೇವರಾಜ ಅರಸು ರಸ್ತೇಲಿ ನೂರು ಸಲ ನೋಡಿರ್ತೀರ. ಸಿಟಿ ಬಸ್‌ನಲ್ಲಿ ಹಾಕ್ಕೊಂಡಿದ್ದ ಒಬ್ಬ ಹುಡುಗನ್ನ ಜಾಯ್ ಡಿವಿಷನ್ ಕೇಳ್ತೀಯಾ ಅಂತ ಕೇಳಿದೆ, ಅವನು "ಇಲ್ಲಾ ಅಣ್ಣ, ಇದು ಟ್ರೆಕಿಂಗ್‌ದು" ಅಂದ. ಅದು ಬೆಟ್ಟ ಅಲ್ಲ, 'ಅನ್‌ನೋನ್ ಪ್ಲೆಷರ್ಸ್' ಕವರ್, ಮೊಟ್ಟಮೊದಲು ಸಿಕ್ಕ ಪಲ್ಸಾರ್ ನಕ್ಷತ್ರದ ರೇಡಿಯೋ ಮಿಡಿತಗಳನ್ನ ಒಂದರ ಕೆಳಗೊಂದು ಜೋಡಿಸಿದ ಗ್ರಾಫು. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜೋಸೆಲಿನ್ ಬೆಲ್ ಬರ್ನೆಲ್ ಕಣ್ಣಿಗೆ ಬಿದ್ದಿದ್ದು. ಸತ್ತ ನಕ್ಷತ್ರ, ಆದ್ರೂ ಲೆಕ್ಕ ತಪ್ಪದೆ ತಾಳ ಹಾಕ್ತಾನೇ ಇದೆ. ಹಾಕ್ಕೊಳ್ಳಿ, ಯಾರೂ ಬೇಡ ಅನ್ನಲ್ಲ, ಹಾಕ್ಕೊಂಡ ದಿನ ಒಂದು ಹಾಡಾದ್ರೂ ಕೇಳಿ.

ಇನ್ನೊಂದು ಗಂಭೀರವಾಗಿ. ಇಯಾನ್ ಕರ್ಟಿಸ್ 1980ರ ಮೇ 18ಕ್ಕೆ ಜೀವ ತೆಗೆದುಕೊಂಡ, 23 ವರ್ಷ, ಮಗಳು ಒಂದು ವರ್ಷದ ಕೂಸು. ಮೂರ್ಛೆರೋಗ ಇತ್ತು, ಸ್ಟೇಜ್ ಮೇಲೇ ಬೀಳ್ತಿದ್ದ, ಆ ಕಾಲದ ಔಷಧಿ ಅವನನ್ನ ಇನ್ನೂ ಕುಗ್ಗಿಸ್ತಿತ್ತು. ಕೆಲವರು ಅದನ್ನ ಏನೋ ದೊಡ್ಡ ಕಲಾವಿದನ ಅಂತ್ಯ ಅನ್ನೋ ಥರ ಹೊಗಳ್ತಾರೆ, ನಂಗೆ ಮೈ ಉರಿಯುತ್ತೆ. ಹಾಡು ಅವನನ್ನ ದೊಡ್ಡೋನು ಮಾಡ್ತು, ಸಾವಲ್ಲ. ಉಳಿದ ಮೂವರು ನ್ಯೂ ಆರ್ಡರ್ ಅಂತ ಹೊಸ ಹೆಸರಿಟ್ಕೊಂಡು, ಗಿಲಿಯನ್ ಗಿಲ್ಬರ್ಟ್‌ನ ಜೊತೆಗೆ ಸೇರಿಸ್ಕೊಂಡು 1983ರಲ್ಲಿ 'ಬ್ಲೂ ಮಂಡೇ' ಮಾಡಿದ್ರು, ಡಾನ್ಸ್ ಹಾಡು, ಕೇಳಿದ್ರೆ ಒಳಗಡೆ ಇನ್ನೂ ಸೂತಕ ಇದೆ, ಆದ್ರೆ ಕುಣೀತಾ ಇದ್ದಾರೆ. ಹಾಡು ನಿಲ್ಸಿದ್ಮೇಲೂ ಭಾರ ಇಳೀತಿಲ್ಲ, ನಿದ್ದೆ ಊಟ ಎಲ್ಲಾ ಕೆಟ್ಟಿದೆ ಅಂದ್ರೆ ಅದಕ್ಕೆ ಬೇಕಿರೋದು ಆಲ್ಬಮ್ ಅಲ್ಲ, 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೇ ಕೆಲಸ: ಮನೇಲಿ ಯಾರಿಗಾದ್ರೂ ಕೇಳಿಸಿ

ಒಬ್ಬರೇ ಕೇಳ್ತಾ ಕೇಳ್ತಾ ನಮಗೆ ನಾವೇ ಏನೋ ಮೇಲಿನ ಜಾತಿ ಥರ ಆಡೋಕೆ ಶುರು ಮಾಡ್ತೀವಿ, ಅದಕ್ಕೆ ಮದ್ದು ಇದು. ಈ ಹೆಸರು ಆ ಹೆಸರು ಹೇಳ್ಬೇಡಿ, ವಿವರಣೆ ಕೊಡ್ಬೇಡಿ, ಸುಮ್ನೆ ಒಂದು ಇಯರ್‌ಫೋನ್ ಅವರ ಕಿವಿಗೆ ಇಟ್ಟು ಇನ್ನೊಂದು ನೀವಿಟ್ಕೊಂಡು 'ಡಿಸಾರ್ಡರ್' ಹಾಕಿ, ಮುಖ ನೋಡ್ಬೇಡಿ, ಕೈ ಕಾಲು ನೋಡಿ.

ನಾನು ಅಜ್ಜಿಗೆ ಕೇಳಿಸ್ದೆ, ಹೋದ ಯುಗಾದಿಗೆ, ಊರಲ್ಲಿ, ಜಗಲಿ ಮೇಲೆ. ಎಲೆಗೆ ಸುಣ್ಣ ಹಚ್ತಾ ಕೂತಿದ್ರು. ಡ್ರಮ್ ಶುರುವಾದಾಗ ಕೈ ನಿಂತ್ಬಿಡ್ತು. ಬೇಸ್ ಬಂದಾಗ ಸುಣ್ಣದ ಬೆರಳು ಅಡಿಕೆ ಡಬ್ಬಿ ಮೇಲೆ ಟಕ ಟಕ ಅಂತ ಬಡೀತಿತ್ತು, ಅವರಿಗೇ ಗೊತ್ತಿಲ್ದೆ. ಗಂಟಲು ಬಂದಾಗ ಹುಬ್ಬು ಗಂಟಾಯ್ತು. ಮೂರೂವರೆ ನಿಮಿಷ ಪೂರ್ತಿ ಕೇಳಿ, ಇಯರ್‌ಫೋನ್ ಕಿತ್ತು ನನ್ ಕೈಗಿಟ್ಟು ಅಂದ್ರು:

"ಬಡಿಯೋನು ಚೆಂದಾಗ್ ಬಡೀತಾವ್ನೆ ಕಣ್ಲಾ. ಆ ಹಾಡೋನ್ಗೆ ನೆಗಡಿ ಕಟ್ಕೊಂಡದೆ, ಒಸಿ ಮೆಣಸಿನ ಕಷಾಯ ಕುಡಿಯಕ್ ಹೇಳು."